ಆರೈಕೆಯ ಕೈಯಲ್ಲೇ ಅಂಕೆ ಇರಲಿ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಗಂಜಿ ಬೇಯಿಸುತ್ತೇವೆ, ಹಣೆಗೆ ಒದ್ದೆ ಬಟ್ಟೆ ಇಡುತ್ತೇವೆ, ಹೊತ್ತಿಗೆ ಸರಿಯಾಗಿ ಮದ್ದು ಕೊಡುತ್ತೇವೆ. ಕಾಯಿಲೆಯವರೂ ಕೈ ಚಾಚಿ ತೆಗೆದುಕೊಳ್ಳುತ್ತಾರೆ. ಕಾಲು ಮುರಿದವರು ತಾವಾಗಿಯೇ ಆಸ್ಪತ್ರೆಗೆ ಹೋಗೋಣ ಎನ್ನುತ್ತಾರೆ. ಆದರೆ ಮನಸ್ಸಿಗೆ ಕಾಯಿಲೆ ಬಂದಾಗ ಈ ಲೆಕ್ಕ ತಪ್ಪುತ್ತದೆ. ಕೆಲವರಿಗೆ ತಮಗೆ ಕಾಯಿಲೆ ಇದೆ ಎಂಬುದೇ ತಿಳಿಯುವುದಿಲ್ಲ. ಕೊಟ್ಟ ಮಾತ್ರೆಯನ್ನು ಉಗುಳುತ್ತಾರೆ. ಅಮ್ಮ ಬಡಿಸಿದ ಅನ್ನದಲ್ಲಿ ವಿಷವಿದೆ ಎನ್ನುತ್ತಾರೆ. ನಡುರಾತ್ರಿ ಬಾಗಿಲು ತೆರೆದು ಹೊರಟುಬಿಡುತ್ತಾರೆ. ಆಗ ನೋಡಿಕೊಳ್ಳುವವರ ಮುಂದೆ ಕಷ್ಟದ ಪ್ರಶ್ನೆಯೊಂದು ಬಂದು ನಿಲ್ಲುತ್ತದೆ. ಪ್ರೀತಿಯಿಂದ ಹೇಳಿ ಕಾಯುವುದೋ, ಬಲವಂತದಿಂದ ತಡೆಯುವುದೋ?

ಒಂದು ಮಾತನ್ನು ಮೊದಲೇ ಹೇಳಿಬಿಡೋಣ. ಮನೋರೋಗವಿರುವವರೆಲ್ಲರೂ ಹೀಗಿರುವುದಿಲ್ಲ. ಖಿನ್ನತೆ, ಆತಂಕಗಳಿಂದ ಬಳಲುವ ಎಷ್ಟೋ ಮಂದಿ ನಮ್ಮ ನಡುವೆಯೇ ಕೆಲಸ ಮಾಡಿಕೊಂಡು, ಪೂಜೆಗೆ ಬಂದುಕೊಂಡು ಇದ್ದಾರೆ. ಬಲವಂತದ ಪ್ರಶ್ನೆ ಏಳುವುದು ಕೆಲವರ ವಿಷಯದಲ್ಲಿ ಮಾತ್ರ, ಅದೂ ಕಾಯಿಲೆ ಉಲ್ಬಣಿಸಿದ ಕೆಲವು ದಿನಗಳ ಮಟ್ಟಿಗೆ. ಆದರೆ ಆ ಕೆಲವು ದಿನಗಳಲ್ಲಿ ನಾವು ಹೇಗೆ ನಡೆದುಕೊಂಡೆವು ಎಂಬುದನ್ನು ಕಾಯಿಲೆಯವರು ವರ್ಷಗಟ್ಟಲೆ ಮರೆಯುವುದಿಲ್ಲ. ಮುಂದೆ ಅವರು ನಂಬಿಕೆಯಿಂದ ಮದ್ದು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಈ ಪ್ರಶ್ನೆಯನ್ನು ದಿನಕ್ಕೆ ಹಲವು ಸಲ ಎದುರಿಸುವವರು ದಾದಿಯರು. ವೈದ್ಯರು ರೌಂಡ್ಸಿಗೆ ಬಂದು ಹೋಗುತ್ತಾರೆ. ಇಪ್ಪತ್ತನಾಲ್ಕು ಗಂಟೆ ರೋಗಿಯ ಬಳಿ ಇರುವವರು ದಾದಿಯರು. ಮದ್ದಿನ ತಟ್ಟೆ ಅವರ ಕೈಯಲ್ಲಿ, ವಾರ್ಡಿನ ಬೀಗದ ಕೈಯೂ ಅವರ ಬಳಿಯಲ್ಲಿ. ಒಬ್ಬರೇ ತಾಯಿಯಂತೆಯೂ ಇರಬೇಕು, ಕಾವಲುಗಾರರಂತೆಯೂ ಇರಬೇಕು. ನಮ್ಮ ಊರುಗಳಲ್ಲಾದರೋ ಮನೆಯ ತಾಯಿ, ಹೆಂಡತಿ, ಅಣ್ಣ, ತಂಗಿಯರೇ ದಾದಿಯರು. ಆದ್ದರಿಂದ ಇದು ಆಸ್ಪತ್ರೆಗೆ ಮಾತ್ರ ಸೇರಿದ ವಿಷಯವಲ್ಲ.

ನಮ್ಮ ಜಿಲ್ಲೆ, ನಮ್ಮ ಭಾಷೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಕೇರಳವೂ ಸೇರಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಕೇರಳ ಸರಕಾರದ ಮಾನಸಿಕ ಆರೋಗ್ಯ ಕೇಂದ್ರಗಳಿರುವುದು ತಿರುವನಂತಪುರ, ತ್ರಿಶ್ಶೂರು ಮತ್ತು ಕಲ್ಲಿಕೋಟೆಯಲ್ಲಿ. ಮಂಜೇಶ್ವರದ ಕಡೆಯವರಿಗೆ ಇವುಗಳಲ್ಲಿ ಹತ್ತಿರದ್ದು ಕಲ್ಲಿಕೋಟೆಯ ಕುತಿರವಟ್ಟಂ. ಹತ್ತಿರ ಎಂದರೂ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ನಮ್ಮ ಜಿಲ್ಲೆಯಲ್ಲೂ ಸರಕಾರಿ ಚಿಕಿತ್ಸೆ ಸಿಗುತ್ತದೆ. ಆದರೂ ಗಡಿಭಾಗದ ಬಹಳಷ್ಟು ಮನೆಯವರು ಬಸ್ಸು ಹತ್ತುವುದು ಮಂಗಳೂರಿಗೆ. 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಆರಂಭಿಸಿದ ಆಸ್ಪತ್ರೆಯ ಹೆಸರು ನಮ್ಮ ಅಜ್ಜ ಅಜ್ಜಿಯರ ಬಾಯಲ್ಲೂ ಇತ್ತು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ತಲಪಾಡಿ ಗಡಿ ಮುಚ್ಚಿದಾಗ, ಈ ಒಂದು ರಸ್ತೆಯನ್ನು ನಾವು ಎಷ್ಟು ನಂಬಿಕೊಂಡಿದ್ದೇವೆ ಎಂಬುದು ಎಲ್ಲರಿಗೂ ಅರ್ಥವಾಯಿತು. ಮನಸ್ಸಿನ ಕಾಯಿಲೆಯ ಮದ್ದುಗಳಲ್ಲಿ ಹಲವನ್ನು ಏಕಾಏಕಿ ನಿಲ್ಲಿಸುವಂತಿಲ್ಲ. ಮದ್ದು ತಪ್ಪಿದರೆ ಕಾಯಿಲೆ ಮರುಕಳಿಸುತ್ತದೆ. ಮರುಕಳಿಸಿದಾಗಲೇ ಹಗ್ಗ, ಬೀಗಗಳ ನೆನಪಾಗುವುದು.

ಇನ್ನೊಂದು ತೊಡಕು ಭಾಷೆಯದು. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಉರ್ದು, ಮರಾಠಿ ಎಂದು ಏಳು ಭಾಷೆಗಳ ನಾಡು ಇದು ಎಂದು ಹೆಮ್ಮೆಪಡುತ್ತೇವೆ. ಆದರೆ ಮನಸ್ಸು ಕದಡಿದ ಹೊತ್ತಿನಲ್ಲಿ ಮನುಷ್ಯ ಆಡುವುದು ತಾಯಿಯಿಂದ ಕಲಿತ ಭಾಷೆಯನ್ನು. ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಆಡುವವರು ಮಲಯಾಳ ಮಾತ್ರ ಬಲ್ಲ ವಾರ್ಡಿನಲ್ಲಿ ಮಲಗಿದ್ದಾರೆ ಎಂದಿಟ್ಟುಕೊಳ್ಳಿ. ನೀರು ಬೇಕು ಎಂದು ಕೂಗಿದರೂ ಗಲಾಟೆ ಮಾಡುತ್ತಿದ್ದಾರೆ ಎನ್ನಿಸಬಹುದು. ಮಾತು ಸೋತಲ್ಲಿ ಕೈ ಮುಂದಾಗುತ್ತದೆ. ಆದ್ದರಿಂದ ಗಡಿನಾಡಿನಲ್ಲಿ ನಾಲ್ಕು ಭಾಷೆ ಬಲ್ಲ ದಾದಿ ಇರುವುದು ಚಿಕಿತ್ಸೆಯ ಒಂದು ಭಾಗವೇ ಸರಿ.

ಸರಪಳಿ ಕಲಿಸಿದ ಪಾಠ

2001ರ ಆಗಸ್ಟ್ 6ರಂದು ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ಮನೋರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿತ್ತು. ಅಲ್ಲಿದ್ದವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ಓಡಲಾಗದೆ 28 ಮಂದಿ ಪ್ರಾಣಬಿಟ್ಟರು. ಅವರನ್ನು ಅಲ್ಲಿಗೆ ಕರೆತಂದು ಬಿಟ್ಟವರಲ್ಲಿ ಎಷ್ಟೋ ಮಂದಿ, ಗುಣವಾಗಲಿ ಎಂಬ ಆಸೆಯಿಂದಲೇ ಬಿಟ್ಟವರು. ಕಟ್ಟಿದವರೂ ಕಾಪಾಡುವುದಕ್ಕಾಗಿಯೇ ಕಟ್ಟಿದ್ದೇವೆ ಎಂದುಕೊಂಡಿರಬಹುದು. ಆದರೆ ಬೆಂಕಿ ಬಿದ್ದಾಗ ಬಿಚ್ಚುವವರೇ ಇರಲಿಲ್ಲ. ಕಟ್ಟಿದ ಮೇಲೆ ಪಕ್ಕದಲ್ಲಿ ನಿಲ್ಲದವನು ಕಾಪಾಡುತ್ತಿಲ್ಲ ಎಂಬುದನ್ನು ಏರ್ವಾಡಿ ದೇಶಕ್ಕೆ ಕಲಿಸಿತು.

ಸರಪಳಿ ಕಳಚಿದ ಚರಿತ್ರೆಯೂ ಇದೆ. ಫ್ರಾನ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಮನೋರೋಗಿಗಳ ಸರಪಳಿ ತೆಗೆಸಿದಾತ ಜಾನ್ ಬಪ್ತಿಸ್ತ್ ಪ್ಯುಸಾಂ. ಆತ ವೈದ್ಯನಲ್ಲ, ವಾರ್ಡಿನ ಮೇಲ್ವಿಚಾರಕ. ಒಂದು ಕಾಲದಲ್ಲಿ ಬೇರೊಂದು ಕಾಯಿಲೆಗಾಗಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದವನು. ರೋಗಿಗಳಿಗೆ ಹೊಡೆಯಬಾರದು ಎಂದು ಕೆಲಸದವರಿಗೆ ಕಟ್ಟಪ್ಪಣೆ ಮಾಡಿದ. ಗುಣವಾದ ರೋಗಿಗಳನ್ನೇ ಕೆಲಸಕ್ಕೆ ಸೇರಿಸಿಕೊಂಡ, ಏಕೆಂದರೆ ಪೆಟ್ಟಿನ ನೋವು ಅವರಿಗೆ ಗೊತ್ತು. ಆತ ಅಂಕೆಯನ್ನು ಪೂರ್ತಿ ಬಿಟ್ಟುಬಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ತೀರಾ ಅಗತ್ಯವಾದಾಗ ಕೈಗಳನ್ನು ತಡೆಯುವ ಬಟ್ಟೆಯ ಅಂಗಿ ತೊಡಿಸುತ್ತಿದ್ದ. ಹೀಗೆ ಈ ದೊಡ್ಡ ಬದಲಾವಣೆಗೆ ಕೈ ಹಾಕಿದ್ದು ಹಗಲಿರುಳು ರೋಗಿಗಳ ಜೊತೆಯಲ್ಲಿದ್ದ ಮನುಷ್ಯ.

ಅದಕ್ಕೂ ಎರಡೂವರೆ ಶತಮಾನ ಹಿಂದೆ ಸ್ಪೇನಿನ ಗ್ರನಾಡಾದಲ್ಲಿ ಪುಸ್ತಕ ಮಾರುತ್ತಿದ್ದ ಒಬ್ಬಾತನನ್ನು ಜನರು ಹುಚ್ಚನೆಂದು ತಿಳಿದು ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಅಂದಿನ ಪದ್ಧತಿಯಂತೆ ಅಲ್ಲಿ ಅವನಿಗೆ ಚಾಟಿಯೇಟು ಬಿತ್ತು. ಹೊರಬಂದ ಮೇಲೆ ಆತ ಬಡರೋಗಿಗಳಿಗಾಗಿ ತಾನೇ ಆಸ್ಪತ್ರೆ ತೆರೆದ. ಅವರೇ 1550ರಲ್ಲಿ ತೀರಿಕೊಂಡ ಸಂತ ಜಾನ್ ಆಫ್ ಗಾಡ್. ಧರ್ಮಸಭೆ ಅವರನ್ನು ರೋಗಿಗಳ, ಆಸ್ಪತ್ರೆಗಳ ಮತ್ತು ದಾದಿಯರ ಪಾಲಕರೆಂದು ಗೌರವಿಸುತ್ತದೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಿಂದ ಜಾರಿಯಲ್ಲಿದೆ. ಇದರ ಮುಖ್ಯ ಅಂಶಗಳನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು.

ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಬಿಗಿಯುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಕೈಕಾಲು ತಡೆಯಬೇಕಾದರೆ ಎರಡು ಷರತ್ತುಗಳಿವೆ. ರೋಗಿಗೋ ಬೇರೆಯವರಿಗೋ ಆ ಕ್ಷಣಕ್ಕೆ ಆಗಲಿರುವ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇರಬಾರದು, ಮತ್ತು ಚಿಕಿತ್ಸೆ ಕೊಡುತ್ತಿರುವ ಮನೋವೈದ್ಯರ ಅನುಮತಿ ಇರಬೇಕು. ಅಪಾಯ ಕಳೆದ ಮೇಲೆ ಒಂದು ಗಳಿಗೆಯೂ ಹೆಚ್ಚು ತಡೆದಿಡುವಂತಿಲ್ಲ. ಏಕೆ ತಡೆದರು, ಹೇಗೆ ತಡೆದರು, ಎಷ್ಟು ಹೊತ್ತು ಎಂಬುದನ್ನು ಕೂಡಲೇ ರೋಗಿಯ ದಾಖಲೆಯಲ್ಲಿ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆ ಎಂದೋ ಬೆದರಿಕೆ ಎಂದೋ ಕಟ್ಟುವಂತಿಲ್ಲ. ಸಿಬ್ಬಂದಿ ಕಡಿಮೆ ಇದ್ದಾರೆ ಎಂಬುದೂ ಕಾರಣವಾಗದು.

ಹಾಗೆಂದು ಕಾನೂನು ರೋಗಿಯನ್ನು ಅವನ ಪಾಡಿಗೆ ಬಿಟ್ಟುಬಿಡುವುದಿಲ್ಲ. ತನಗೋ ಇತರರಿಗೋ ಹಾನಿ ಮಾಡಿಕೊಳ್ಳುವಷ್ಟು ಕಾಯಿಲೆ ಹೆಚ್ಚಾಗಿ, ತಾನಾಗಿ ತೀರ್ಮಾನಿಸಲಾಗದ ಸ್ಥಿತಿ ಇದ್ದರೆ, ಪ್ರತಿನಿಧಿಯ ಕೋರಿಕೆಯ ಮೇಲೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಪರೀಕ್ಷಿಸಿದ ನಂತರ, ಮೊದಲಿಗೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಇದನ್ನು ಪ್ರಶ್ನಿಸಿ ಪುನರ್ವಿಮರ್ಶಾ ಮಂಡಳಿಗೆ ದೂರು ಕೊಡುವ ಹಕ್ಕೂ ಇದೆ. ಬೀದಿಯಲ್ಲಿ ಅಲೆಯುತ್ತಿರುವ ರೋಗಿಯನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಒಟ್ಟಿನಲ್ಲಿ ಕಾನೂನು ಅಂಕೆಗೆ ಅವಕಾಶ ಕೊಡುತ್ತದೆ, ಆದರೆ ಕಾರಣ, ಕಾಲಮಿತಿ ಮತ್ತು ಲೆಕ್ಕ ಕೇಳುತ್ತದೆ.

ಒಳ್ಳೆಯ ದಾದಿ ಏನು ಮಾಡುತ್ತಾರೆ?

ಅನುಭವಿ ದಾದಿಯರಿಗೆ ಗೊತ್ತಿರುವ ಗುಟ್ಟು ಎಂದರೆ, ಗಲಾಟೆ ಸಾಮಾನ್ಯವಾಗಿ ಇದ್ದಕ್ಕಿದ್ದಂತೆ ಆಗುವುದಿಲ್ಲ. ಅದಕ್ಕೂ ಮೊದಲು ರೋಗಿ ಅತ್ತಿಂದಿತ್ತ ನಡೆದಾಡುತ್ತಾನೆ, ಮುಷ್ಟಿ ಬಿಗಿಯುತ್ತಾನೆ, ನಿದ್ದೆ ಬಿಡುತ್ತಾನೆ, ಊಟ ಬೇಡವೆನ್ನುತ್ತಾನೆ. ಆ ಹೊತ್ತಿನಲ್ಲೇ ಹೋಗಿ ಪಕ್ಕದಲ್ಲಿ ಕುಳಿತು "ಅಣ್ಣಾ, ಏನಾಯಿತು? ರಾತ್ರಿ ನಿದ್ದೆ ಬರಲಿಲ್ಲವಾ?" ಎಂದು ಕೇಳಿದರೆ ಮುಂದೆ ಹಗ್ಗ ಬೇಕಾಗುವುದು ಕಡಿಮೆ. ಮಾತನಾಡುವವರು ಒಬ್ಬರೇ ಇರಬೇಕು. ನಾಲ್ಕು ಮಂದಿ ಸುತ್ತ ನಿಂತು ಗದರಿಸಿದರೆ ಹೆದರಿದವನು ಇನ್ನೂ ಹೆದರುತ್ತಾನೆ. ಎರಡು ಮಾರು ದೂರ ನಿಲ್ಲಬೇಕು, ಬಾಗಿಲಿಗೆ ಅಡ್ಡ ನಿಲ್ಲಬಾರದು, ದನಿ ತಗ್ಗಿಸಬೇಕು.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಮನೋರೋಗ ಶುಶ್ರೂಷೆಯ ಪ್ರಾಧ್ಯಾಪಕ ಲೆನ್ ಬವರ್ಸ್ ಮತ್ತು ಸಂಗಡಿಗರು ಲಂಡನ್ ಸುತ್ತಮುತ್ತಲಿನ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಒಂದು ಪ್ರಯೋಗ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಮಾಡಿದ್ದು ಸಣ್ಣ ಸಣ್ಣ ಕೆಲಸಗಳು. ಬೇಡ ಎನ್ನಬೇಕಾದಾಗ ಮೃದುವಾಗಿ ಕಾರಣ ಹೇಳುವುದು, ರೋಗಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಆ ದಿನ ಹೆಚ್ಚು ಗಮನ ಕೊಡುವುದು, ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತನ್ನು ಮುಂದಿನ ಪಾಳಿಯವರಿಗೆ ತಿಳಿಸುವುದು. ಇಂಥ ವಾರ್ಡುಗಳಲ್ಲಿ ಜಗಳಗಳು ಶೇ. 15ರಷ್ಟು ಇಳಿದವು. ಹಿಡಿದು ತಡೆಯುವುದು, ಕೂಡಿಹಾಕುವುದು ಮುಂತಾದ ಕ್ರಮಗಳು ಶೇ. 26ರಷ್ಟು ಕಡಿಮೆಯಾದವು.

ಇಷ್ಟಾದರೂ ಕೆಲವೊಮ್ಮೆ ಕೈ ಹಿಡಿಯಲೇಬೇಕಾಗುತ್ತದೆ. ಆಗಲೂ ಬಾಯಿ ಸುಮ್ಮನಿರಬಾರದು. "ನಿಮಗೆ ಪೆಟ್ಟಾಗಬಾರದೆಂದು ಹಿಡಿದಿದ್ದೇವೆ. ಇದು ನಿದ್ದೆ ಬರುವ ಇಂಜೆಕ್ಷನ್. ನಾನು ಇಲ್ಲೇ ಇರುತ್ತೇನೆ" ಎಂದು ಹೇಳುತ್ತಲೇ ಇರಬೇಕು. ಎದೆಯ ಮೇಲೆ, ಕುತ್ತಿಗೆಯ ಮೇಲೆ ಭಾರ ಹಾಕಬಾರದು, ಕವುಚಿ ಒತ್ತಬಾರದು, ಉಸಿರು ಕಟ್ಟಿ ಸತ್ತವರಿದ್ದಾರೆ. ಇಂಗ್ಲೆಂಡಿನಲ್ಲಿ 2010ರಲ್ಲಿ ಓಲಸೇನಿ ಲೂಯಿಸ್ ಎಂಬ ಯುವಕ ಮಾನಸಿಕ ಆಸ್ಪತ್ರೆಯಲ್ಲಿ ಪೊಲೀಸರು ಅದುಮಿ ಹಿಡಿದ ಬಳಿಕ ತೀರಿಕೊಂಡ. ಅವನ ಮನೆಯವರ ಹೋರಾಟದ ಫಲವಾಗಿ 2018ರಲ್ಲಿ ಅಲ್ಲಿ ಹೊಸ ಕಾನೂನೇ ಬಂತು. ಎಲ್ಲ ಶಾಂತವಾದ ಮೇಲೆ ರೋಗಿಯ ಬಳಿ ಕುಳಿತು, ಏನು ನಡೆಯಿತು, ಏಕೆ ಹಾಗೆ ಮಾಡಬೇಕಾಯಿತು ಎಂದು ವಿವರಿಸುವುದೂ ಶುಶ್ರೂಷೆಯೇ. ಎಷ್ಟೋ ಕಡೆ ಈ ಕೊನೆಯ ಮಾತುಕತೆಯನ್ನೇ ಮರೆಯುತ್ತಾರೆ.

ಅಂಕೆ ತೀರಾ ಸಡಿಲವಾದರೂ ಅಪಾಯವೇ. 2022ರ ಫೆಬ್ರವರಿಯಲ್ಲಿ ಕುತಿರವಟ್ಟಂ ಕೇಂದ್ರದಲ್ಲಿ ಒಬ್ಬ ಮಹಿಳೆಯನ್ನು ಜೊತೆಯಲ್ಲಿದ್ದ ಇನ್ನೊಬ್ಬ ರೋಗಿ ಕೊಂದ ಘಟನೆ ನಡೆಯಿತು. ಅದರ ಬೆನ್ನಿಗೆ ಹಲವರು ಅಲ್ಲಿಂದ ತಪ್ಪಿಸಿಕೊಂಡು ಹೋದರು. ಕೇರಳ ಹೈಕೋರ್ಟು ಮಧ್ಯೆ ಪ್ರವೇಶಿಸಿ ಭದ್ರತಾ ಸಿಬ್ಬಂದಿಯನ್ನು ನೇಮಿಸಲು ಹೇಳಬೇಕಾಯಿತು. ಸಾಕಷ್ಟು ಮಂದಿ ಇಲ್ಲದ ವಾರ್ಡಿನಲ್ಲಿ ಆರೈಕೆಯೂ ಸೊರಗುತ್ತದೆ, ಅಂಕೆಯೂ ಸೊರಗುತ್ತದೆ. ಉಳಿಯುವುದು ಬೀಗ ಮಾತ್ರ. ಅದರ ಹೊರೆಯನ್ನು ಪಾಳಿಯಲ್ಲಿದ್ದ ಒಂದಿಬ್ಬರು ದಾದಿಯರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮನೆಯೇ ಆಸ್ಪತ್ರೆಯಾದಾಗ

ಈಗ ನಮ್ಮ ಮನೆಗೆ ಬರೋಣ. ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ, ಊಟದಲ್ಲಿ ಮಾತ್ರೆ ಪುಡಿ ಮಾಡಿ ಬೆರೆಸಬಹುದೇ ಎಂಬುದು. ಸಂಕಟದಲ್ಲಿರುವ ತಾಯಿ ಹಾಗೆ ಮಾಡಿದರೆ ಅವಳನ್ನು ದೂರುವಂತಿಲ್ಲ. ಆದರೆ ಅನ್ನದಲ್ಲಿ ಏನೋ ಹಾಕುತ್ತಾರೆ ಎಂಬ ಸಂಶಯವೇ ಕಾಯಿಲೆಯಾಗಿರುವ ಮಗನಿಗೆ ಒಂದು ದಿನ ನಿಜ ಗೊತ್ತಾದರೆ? ಅವನ ಸಂಶಯಕ್ಕೆ ನಾವೇ ಸಾಕ್ಷಿ ಒದಗಿಸಿದಂತಾಯಿತು. ಮತ್ತೆ ಅವನು ಮದ್ದನ್ನೂ ನಂಬುವುದಿಲ್ಲ, ಅಮ್ಮನ ಕೈಯ ಊಟವನ್ನೂ ನಂಬುವುದಿಲ್ಲ. ಗುಟ್ಟಾಗಿ ಕೊಡುವ ಮೊದಲು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿ. ಎರಡು ಅಥವಾ ನಾಲ್ಕು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ದಿನಾ ನಡೆಯುವ ಜಗಳ ಅದರಿಂದ ತಪ್ಪಬಹುದು.

ಎರಡನೆಯದು, ವ್ಯಕ್ತಿಯನ್ನು ಕಟ್ಟುವ ಮೊದಲು ವಸ್ತುಗಳನ್ನು ಕಟ್ಟಿಡಿ. ಅಡಿಕೆ ತೋಟವಿರುವ ಮನೆಗಳಲ್ಲಿ ಕೀಟನಾಶಕದ ಬಾಟಲಿ, ಕತ್ತಿ, ಹಗ್ಗ ಕೈಗೆ ಸಿಗುವಂತೆ ಬಿದ್ದಿರುತ್ತವೆ. ವಿಷದ ಬಾಟಲಿಗೆ ಬೀಗ ಹಾಕಿ. ಮಾತ್ರೆಯ ಡಬ್ಬಿ ಮನೆಯವರ ಬಳಿ ಇರಲಿ. ಬಾವಿಗೆ ಕಟ್ಟೆಯೂ ಬಲೆಯೂ ಇರಲಿ. ಆತ್ಮಹತ್ಯೆಯ ಯೋಚನೆ ಬಂದ ಗಳಿಗೆಯನ್ನು ದಾಟಿಸಿದರೆ ಎಷ್ಟೋ ಜೀವಗಳು ಉಳಿಯುತ್ತವೆ. ಇಂಥ ಅಂಕೆಯಿಂದ ಯಾರ ಮಾನವೂ ಹೋಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾಯಿಲೆ ಹತೋಟಿಯಲ್ಲಿರುವಾಗ ಅವರನ್ನೇ ಕೇಳಿ. ಮತ್ತೆ ಕಾಯಿಲೆ ಜೋರಾದರೆ ಯಾರನ್ನು ಕರೆಯಬೇಕು? ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು? ಯಾವ ಮದ್ದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ? ಯಾರ ಮಾತು ಕೇಳುತ್ತೀರಿ? ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. 2017ರ ಕಾಯಿದೆಯಲ್ಲಿ ಇಂಥ ಮುಂಗಡ ಸೂಚನೆಯನ್ನು ವಿಧಿಪೂರ್ವಕವಾಗಿ ಮಾಡಿಡುವುದಕ್ಕೂ, ತಮ್ಮ ಪ್ರತಿನಿಧಿ ಯಾರೆಂದು ತಾವೇ ಹೆಸರಿಸುವುದಕ್ಕೂ ಅವಕಾಶವಿದೆ. ಆಮೇಲೆ ಒಂದು ದಿನ ಬಲವಂತವಾಗಿ ಕರೆದೊಯ್ಯಬೇಕಾಗಿ ಬಂದರೂ, "ಮಗಾ, ನೀನೇ ಹೇಳಿದ್ದೆಯಲ್ಲ" ಎನ್ನಬಹುದು. ಆಗ ಆ ಅಂಕೆ ಹೊರಗಿನವರು ಹೇರಿದ್ದಾಗುವುದಿಲ್ಲ, ಅವನದೇ ಆಗುತ್ತದೆ.

ನಮ್ಮ ಜಿಲ್ಲೆಯ ಇನ್ನೊಂದು ನೋವನ್ನು ಇಲ್ಲಿ ಮರೆಯುವಂತಿಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ ಬುದ್ಧಿ ಬೆಳೆಯದ, ಮೈ ಹಿಡಿತವಿಲ್ಲದ ಮಕ್ಕಳನ್ನು ಸಾಕುತ್ತಿರುವ ತಾಯಂದಿರಿದ್ದಾರೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಬುದ್ಧಿಮಾಂದ್ಯತೆ ಬೇರೆ, ಮನೋರೋಗ ಬೇರೆ. ಆದರೆ ಎರಡೂ ಕಡೆ ತಾಯಿಯ ಪಾಡು ಒಂದೇ. ಕೂಲಿಗೆ ಹೋಗಬೇಕು, ಮಗುವನ್ನು ಒಬ್ಬನೇ ಬಿಡುವಂತಿಲ್ಲ. ಹಗಲು ಮಗುವನ್ನು ನೋಡಿಕೊಳ್ಳುವ ಬಡ್ಸ್ ಶಾಲೆ ಹತ್ತಿರವಿದ್ದರೆ ಬಾಗಿಲಿಗೆ ಬೀಗ ಬೀಳುವುದಿಲ್ಲ. ಬೀಗ ಹಾಕಿದ ತಾಯಿಯನ್ನು ಜರಿಯುವ ಮೊದಲು, ಅವಳಿಗೆ ನಾಲ್ಕು ಗಂಟೆ ಬಿಡುವು ಕೊಡುವವರು ಯಾರಿದ್ದಾರೆ ಎಂದು ಕೇಳಿಕೊಳ್ಳೋಣ.

ನಮ್ಮ ಧರ್ಮಕೇಂದ್ರದಲ್ಲಿ

ಮನೆಯವರೇ ಇಲ್ಲದೆ ಬೀದಿ ಪಾಲಾದವರನ್ನು ಕರೆತಂದು ಆರೈಕೆ ಮಾಡಿ, ಗುಣವಾದ ಮೇಲೆ ಊರು ಹುಡುಕಿ ಮನೆಗೆ ಮುಟ್ಟಿಸುವ ಕೆಲಸವನ್ನು ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ ಅವರ ಸ್ನೇಹಾಲಯ ಮಾಡುತ್ತಿದೆ. ಎಲ್ಲರಿಂದಲೂ ಅಷ್ಟು ಆಗದು. ಆದರೆ ವಾಳೆಯ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳಿವೆ. ತಿಂಗಳಿಗೊಂದು ದಿನ ಅಂಥ ಮನೆಗೆ ಹೋಗಿ ರೋಗಿಯ ಜೊತೆ ಕುಳಿತು, ಮನೆಯವರನ್ನು ಪೇಟೆಗೋ ಪೂಜೆಗೋ ಕಳುಹಿಸಬಹುದು. ಆಸ್ಪತ್ರೆಗೆ ಹೋಗುವಾಗ ಭಾಷೆ ಬಲ್ಲ ಒಬ್ಬರು ಜೊತೆಯಾಗಬಹುದು. "ಮಂಡೆ ಸಮ ಇಲ್ಲ" ಎಂದು ನಗುವುದನ್ನು ಬಿಡಬಹುದು. ಮದುವೆ ಮಾಡಿಸಿದರೆ ಸರಿಹೋಗುತ್ತದೆ ಎಂಬ ಉಪದೇಶವನ್ನಂತೂ ಬಿಡಲೇಬೇಕು, ಅದರಿಂದ ಎರಡು ಮನೆಗಳು ನೋಯುತ್ತವೆ.

ಧ್ಯಾನಕೂಟಕ್ಕೆ ಹೋಗುವವರಿಗೆ ಒಂದು ಮಾತು. ಪ್ರಾರ್ಥನೆ ಮಾಡೋಣ, ಆದರೆ ಮಾತ್ರೆ ನಿಲ್ಲಿಸುವುದು ಬೇಡ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡಿ ಎಂದು ನಾವು ಹೇಳುವುದಿಲ್ಲವಲ್ಲ. ಮನೋರೋಗವನ್ನು ಭೂತಬಾಧೆ ಎಂದು ತಿಳಿಯುವುದೂ ಬೇಡ. ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಬದುಕುತ್ತಿದ್ದ ಮನುಷ್ಯನ ಪ್ರಸಂಗ ನಮಗೆಲ್ಲ ಗೊತ್ತು. ಊರಿನವರು ಅವನಿಗೆ ಸಂಕೋಲೆ ಹಾಕಿ ಹಾಕಿ ಸೋತಿದ್ದರು. ಯೇಸುಸ್ವಾಮಿ ಅವನನ್ನು ಹೆಸರು ಕೇಳಿ ಮಾತನಾಡಿಸಿದರು. ಗುಣವಾದ ಮೇಲೆ ಅವನ ಮನೆಗೇ ಕಳುಹಿಸಿದರು. ಆ ಪ್ರಸಂಗದಿಂದ ನಾವು ಕಲಿಯಬೇಕಾದ ನಡತೆ ಅದು.

ನಮ್ಮ ಧರ್ಮಕೇಂದ್ರದ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿ ಮಂಗಳೂರಿನಲ್ಲಿ, ಗಲ್ಫಿನಲ್ಲಿ, ಯುರೋಪಿನಲ್ಲಿ ದುಡಿಯುತ್ತಿದ್ದಾರೆ. ಮನೋರೋಗ ವಿಭಾಗದಲ್ಲಿರುವವರು ಬೈಗುಳ, ಒಮ್ಮೊಮ್ಮೆ ಪೆಟ್ಟು ತಿಂದು ಮನೆಗೆ ಬರುತ್ತಾರೆ. ರಜೆಯಲ್ಲಿ ಊರಿಗೆ ಬಂದಾಗ ಸಂಬಳ ಎಷ್ಟು ಎಂದು ಕೇಳುವ ಜೊತೆಗೆ, ಕೆಲಸ ಹೇಗಿದೆ ಮಗಳೇ ಎಂದೂ ಕೇಳೋಣ.

ಮನೆಯಲ್ಲಿ ಯಾರಿಗಾದರೂ ತೊಂದರೆ ಕಾಣಿಸಿಕೊಂಡರೆ ತಡಮಾಡಬೇಡಿ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಕಾಸಿಲ್ಲದೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡಬಹುದು. ಕಾಯಿಲೆ ಸಣ್ಣದಿರುವಾಗ ಮಾತು ಸಾಕಾಗುತ್ತದೆ. ಬೆಳೆಯಲು ಬಿಟ್ಟರೆ ಕೈ ಹಿಡಿಯಬೇಕಾಗುತ್ತದೆ. ಹಿಡಿಯಲೇಬೇಕಾಗಿ ಬಂದ ದಿನ, ಹಿಡಿದ ಕೈ ನಮ್ಮವರದೇ ಎಂದು ಅವರಿಗೆ ಅನ್ನಿಸುವಂತೆ ಹಿಡಿಯೋಣ, ಮತ್ತು ಸಮಯಕ್ಕೆ ಸರಿಯಾಗಿ ಬಿಡೋಣ.